ಗೇಜ್ ಗ್ಲಾಸಿನ ನೀರನ್ನು ನಂಬುವ ಮೊದಲು: ಉಗಿ ಎಂಜಿನ್ ಬಾಯ್ಲರ್ ಪರೀಕ್ಷೆಯ ಕ್ರಮ

ಉಗಿ ಎಂಜಿನ್ನಿನ ಬಾಯ್ಲರ್ ಸಿಡಿಯಲು ಒತ್ತಡ ಮಿತಿ ಮೀರಲೇಬೇಕೆಂದಿಲ್ಲ. ನೀರು ಇಳಿದರೆ ಸಾಕು. ಬಾಯ್ಲರಿನೊಳಗೆ ಬೆಂಕಿ ಉರಿಯುವ ಪೆಟ್ಟಿಗೆ ಫೈರ್‌ಬಾಕ್ಸ್; ಅದರ ಚಾವಣಿಗೆ ಕ್ರೌನ್ ಶೀಟ್ ಎನ್ನುತ್ತಾರೆ. ಈ ಚಾವಣಿಯ ಕೆಳಗೆ ಬೆಂಕಿ, ಮೇಲೆ ನೀರು. ನೀರು ಸರಿದರೆ ಉಕ್ಕು ಕೆಂಪಗೆ ಕಾದು ಮೆತ್ತಗಾಗುತ್ತದೆ, ಅದನ್ನು ಹಿಡಿದಿಟ್ಟಿರುವ ಸ್ಟೇ ಬೋಲ್ಟುಗಳಿಂದ ಕಳಚಿ ಹರಿಯುತ್ತದೆ. ಚದರ ಇಂಚಿಗೆ 200 ಪೌಂಡ್ ಒತ್ತಡದಲ್ಲಿ ನೀರಿನ ಕಾವು ಸುಮಾರು 198 ಡಿಗ್ರಿ ಸೆಲ್ಸಿಯಸ್. ಒತ್ತಡ ತಟ್ಟನೆ ಬಿದ್ದಾಗ ಆ ನೀರಿನ ಸುಮಾರು ಐದನೇ ಒಂದು ಪಾಲು ಉಗಿಯಾಗಿ 1,600 ಪಟ್ಟು ಹಿಗ್ಗುತ್ತದೆ. ಅನಾಹುತ ಮಾಡುವುದು ಈ ನೀರೇ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಗಾರ್ಡ್ನರ್ಸ್ ಬಳಿ 1995ರ ಜೂನ್ 16ರಂದು ಗೆಟಿಸ್‌ಬರ್ಗ್ ರೈಲ್ವೆಯ 1278ನೇ ನಂಬರಿನ ಎಂಜಿನ್ನಿನ ಕ್ರೌನ್ ಶೀಟ್ ಹೀಗೇ ಸೋತು ಮೂವರು ಸಿಬ್ಬಂದಿ ಸುಟ್ಟ ಗಾಯಗಳಿಗೆ ತುತ್ತಾದರು. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯೇ ಗೇಜ್ ಗ್ಲಾಸ್; ಅದಕ್ಕೆ ನೀರು ಬರುವ ದಾರಿಯಲ್ಲಿ ಗಡಸು ನೀರಿನ ಹಕ್ಕಳೆ ಕಟ್ಟಿಕೊಂಡಿತ್ತು. ದಾರಿ ಮುಚ್ಚಿದ ಗಾಜು ಬಾಯ್ಲರಿನಲ್ಲಿ ಇಲ್ಲದ ನೀರನ್ನೂ ತೋರಿಸಬಲ್ಲದು.

ಆದ್ದರಿಂದ ಕೆಲಸಕ್ಕೆ ಹತ್ತಿದೊಡನೆ ಗ್ಲಾಸನ್ನು ಪರೀಕ್ಷಿಸಬೇಕು. ರಕ್ಷಾಕವಚ ಸರಿಯಾಗಿದೆಯೇ ನೋಡಿ, ಪಕ್ಕಕ್ಕೆ ನಿಂತು ಗ್ಲಾಸಿನ ನೀರನ್ನು ಹೊರಬಿಡುವ ಕೆಳಗಿನ ಡ್ರೈನ್ ಕಾಕ್ (ಕವಾಟ) ತೆರೆಯಿರಿ. ಮೇಲಿನ ಉಗಿ ಕಾಕ್ ಮುಚ್ಚಿ: ಈಗ ನೀರು ರಭಸವಾಗಿ ಬರಬೇಕು. ಅದನ್ನು ತೆರೆದು ನೀರಿನ ಕಾಕ್ ಮುಚ್ಚಿ: ಈಗ ಉಗಿ ಮಾತ್ರ ಬರಬೇಕು. ಕೊನೆಗೆ ಎರಡನ್ನೂ ತೆರೆದಿಟ್ಟು ಡ್ರೈನ್ ಮುಚ್ಚಿ. ನೀರು ಚಿಮ್ಮಿ ಮೇಲೇರಬೇಕು. ನಿಧಾನವಾಗಿ ತೆವಳಿದರೆ ದಾರಿ ಕಟ್ಟಿದೆ ಎಂದೇ ಅರ್ಥ; ಅಂಥ ಎಂಜಿನ್ ಶೆಡ್ಡು ಬಿಡಕೂಡದು. ಎರಡು ಗ್ಲಾಸುಗಳಿದ್ದರೆ ಎರಡನ್ನೂ ಹೀಗೇ ನೋಡಿ, ಮಟ್ಟ ಒಂದೇ ಇದೆಯೇ ಹೋಲಿಸಿ.

ಅಮೆರಿಕದ ನಿಯಮದಂತೆ ಗ್ಲಾಸಿನಲ್ಲಿ ಕಾಣುವ ಅತಿ ಕೆಳಗಿನ ಮಟ್ಟವೂ ಕ್ರೌನ್ ಶೀಟಿನ ಅತಿ ಎತ್ತರದ ಭಾಗಕ್ಕಿಂತ ಕನಿಷ್ಠ 3 ಇಂಚು ಮೇಲಿರಬೇಕು. ಏರು ಮುಗಿದು ಎಂಜಿನ್ ಇಳಿಜಾರಿಗೆ ಮೂಗು ಬಗ್ಗಿಸಿದಾಗ ನೀರು ಮುಂದಕ್ಕೆ ಸರಿದು ಹಿಂದಿನ ಕ್ರೌನ್ ಶೀಟ್ ಬರಿದಾಗುತ್ತದೆ. ಆ ತಿರುವಿಗೆ ಮೊದಲೇ ಬಾಯ್ಲರಿಗೆ ನೀರೂಡಿಸುವ ಇಂಜೆಕ್ಟರ್ ಹಾಕಿ ನೀರು ತುಂಬಿಸಿಕೊಳ್ಳಬೇಕು.

ಕ್ರೌನ್ ಶೀಟಿನ ಸೀಸದ ಪ್ಲಗ್ ಕರಗಿ ಎಚ್ಚರಿಸುತ್ತದೆ, ನಿಜ. ಆದರೆ ಅದರ ಮೇಲೂ ಹಕ್ಕಳೆ ಕಟ್ಟುವುದರಿಂದ ಅದೊಂದನ್ನೇ ನೆಚ್ಚುವುದು ಸರಿಯಲ್ಲ.

ಗ್ಲಾಸಿನಲ್ಲಿ ನೀರೇ ಕಾಣದಿದ್ದರೆ, ಕಾದ ತಗಡಿನ ಮೇಲೆ ತಣ್ಣೀರು ಬಿಡುವ ಆತುರ ಬೇಡ. ಒದ್ದೆ ಬೂದಿ ಅಥವಾ ಮಣ್ಣಿನಿಂದ ಬೆಂಕಿ ಹೊದಿಸಿ, ಬೆಂಕಿಗೆ ಗಾಳಿ ಬಿಡುವ ಡ್ಯಾಂಪರ್ ಮುಚ್ಚಿ, ಜನರನ್ನು ದೂರ ಕಳಿಸಿ. ಒತ್ತಡ ತಾನಾಗಿ ಇಳಿದು ಬಾಯ್ಲರ್ ತಣಿದ ಮೇಲೆ ಕ್ರೌನ್ ಶೀಟ್ ಮತ್ತು ಸ್ಟೇ ಬೋಲ್ಟುಗಳನ್ನು ಇನ್‌ಸ್ಪೆಕ್ಟರ್ ನೋಡಿ ಒಪ್ಪುವವರೆಗೆ ಮತ್ತೆ ಬೆಂಕಿ ಹಚ್ಚಬೇಡಿ.