ರಾಥ್ಕೋ ಪೇಂಟಿಂಗ್ ಮುಂದೆ ನಿಂತಾಗ ನೋಡೋದು ಹೇಗೆ

ಅಮೆರಿಕಾದಲ್ಲೋ ಲಂಡನ್ನಲ್ಲೋ ಇರೋ ಮಗಳ ಮನೆಗೆ ಹೋದೋರು, ಕೆಲಸಕ್ಕೆ ಅಂತ ಅಲ್ಲೇ ಇರೋರು, ಒಂದಲ್ಲ ಒಂದಿನ ಯಾವುದಾದ್ರೂ ದೊಡ್ಡ ಮ್ಯೂಸಿಯಂನಲ್ಲಿ ಮಾರ್ಕ್ ರಾಥ್ಕೋ ಪೇಂಟಿಂಗ್ ಎದುರಿಗೆ ಬಂದು ನಿಂತಿರ್ತೀರಿ. ಆಳೆತ್ತರದ ಕ್ಯಾನ್ವಾಸು, ಅದರಲ್ಲಿ ಎರಡೋ ಮೂರೋ ಬಣ್ಣದ ಪಟ್ಟಿ, ಬೇರೆ ಏನೂ ಇಲ್ಲ. ಇದರಲ್ಲಿ ಏನಿದೆ ಅಂತ ಒಂದು ಫೋಟೋ ಹೊಡ್ಕೊಂಡು ಮುಂದಿನ ರೂಮಿಗೆ ಹೋಗ್ಬಿಡ್ತೀವಿ. ನಾನೂ ಮೊದಲನೇ ಸಲ ಹಾಗೇ ಹೋದೆ, ಎರಡನೇ ಸಲ ಕಾಲು ನೋವು ಅಂತ ಬೆಂಚ್ ಮೇಲೆ ಕೂತೆ, ಕೂತಿದ್ದಕ್ಕೇ ಕಂಡಿದ್ದು. ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ಆ ಮನುಷ್ಯ ಯಾರು ಅಂತ ಒಂಚೂರು ತಿಳ್ಕೊಂಡು ಹೋಗಿ. ಹುಟ್ಟಿದ್ದು 1903ರಲ್ಲಿ ದ್ವಿನ್ಸ್ಕ್ ಅನ್ನೋ ಊರಲ್ಲಿ, ಆಗ ಅದು ರಷ್ಯಾ ಸಾಮ್ರಾಜ್ಯ, ಈಗ ಲಾಟ್ವಿಯಾ ದೇಶದ ದೌಗಾವ್‌ಪಿಲ್ಸ್. ಯಹೂದಿ ಮನೆತನ, ಹೆಸರು ಮಾರ್ಕಸ್ ರಾಥ್ಕೋವಿಟ್ಜ್, ಅಪ್ಪಂದು ಔಷಧಿ ಅಂಗಡಿ ಕೆಲಸ. ಯಹೂದಿಗಳಿಗೆ ಅಲ್ಲಿ ಬದುಕೋದೇ ಭಯ ಆಗಿದ್ದ ಕಾಲ, ಅಪ್ಪ ಮೊದಲು ಅಮೆರಿಕಾಗೆ ಹೋದ್ರು, ಆಮೇಲೆ ಅಣ್ಣಂದಿರು, 1913ರಲ್ಲಿ ಅಮ್ಮ, ಅಕ್ಕ ಮತ್ತೆ ಈ ಹತ್ತು ವರ್ಷದ ಹುಡುಗ. ಹಡಗಿಂದ ಇಳಿದು ರೈಲಲ್ಲಿ ಇಡೀ ದೇಶ ದಾಟಿ ಪೋರ್ಟ್‌ಲ್ಯಾಂಡ್ ಸೇರಬೇಕು, ಇಂಗ್ಲಿಷ್ ಒಂದಕ್ಷರ ಬರಲ್ಲ. ಮೈಮೇಲೆ ದ್ವಿನ್ಸ್ಕ್‌ನವರು ಯಾವುದನ್ನ ಸೂಟು ಅಂತಾರೋ ಅಂಥ ಸೂಟು, ಅಮೆರಿಕಾದವರು ಸೂಟು ಅನ್ನೋದೇ ಬೇರೆ ಥರದ್ದು. ಆ ಸೂಟಿನ ವಿಷಯಾನ ರಾಥ್ಕೋ ಎಷ್ಟೋ ವರ್ಷ ಆದ್ಮೇಲೂ ಗೆಳೆಯರೊಬ್ಬರ ಹತ್ರ ಹೇಳ್ಕೊಂಡಿದ್ರು, ನಿಮಗೆಲ್ಲ ಅದು ಹೇಗಿರುತ್ತೆ ಅಂತ ಗೊತ್ತಾಗಲ್ಲ ಅನ್ನೋ ಥರ. ಊರು ಸೇರಿ ಕೆಲವೇ ತಿಂಗಳಿಗೆ, 1914ರಲ್ಲಿ, ಅಪ್ಪ ತೀರಿಹೋದ್ರು. ಹುಡುಗ ಪೇಪರ್ ಮಾರ್ದ, ಓದ್ದ, ಸ್ಕಾಲರ್‌ಶಿಪ್ ಮೇಲೆ ಯೇಲ್ ಯೂನಿವರ್ಸಿಟಿಗೆ ಹೋದ, ಒಂದು ವರ್ಷಕ್ಕೆ ಅದು ನಿಂತೋಯ್ತು, 1923ರಲ್ಲಿ ಡಿಗ್ರಿ ಬಿಟ್ಟು ನ್ಯೂಯಾರ್ಕ್ ಸೇರ್ಕೊಂಡ. ಅಲ್ಲಿ ಬ್ರೂಕ್ಲಿನ್‌ನ ಯಹೂದಿ ಕೇಂದ್ರದಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಮಕ್ಕಳಿಗೆ ಡ್ರಾಯಿಂಗ್ ಹೇಳ್ಕೊಟ್ಟೇ ಹೊಟ್ಟೆ ಹೊರ್ಕೊಂಡಿದ್ದು. ಹೆಸರನ್ನ ಮಾರ್ಕ್ ರಾಥ್ಕೋ ಅಂತ ಚಿಕ್ಕದು ಮಾಡ್ಕೊಂಡಿದ್ದು 1940ರ ಹೊತ್ತಿಗೆ.

ಇನ್ನೊಂದು ಕೆಲಸ, ಅವರ ಹಳೇ ಚಿತ್ರಗಳನ್ನ ನೆಟ್ಟಲ್ಲಾದ್ರೂ ನೋಡ್ಕೊಂಡು ಹೋಗಿ. 1930ರ ದಶಕದಲ್ಲಿ ನ್ಯೂಯಾರ್ಕ್ ಸಬ್‌ವೇ ಸ್ಟೇಷನ್‌ಗಳನ್ನ ಬರೆದಿದಾರೆ, ಕಂಬದ ಹಾಗೇ ಸಣ್ಣಗೆ ಉದ್ದಕ್ಕೆ ಇರೋ ಜನ, ಒಬ್ಬರನ್ನೊಬ್ಬರು ನೋಡಲ್ಲ. ಆಮೇಲೆ ಪುರಾಣದ ಚಿತ್ರಗಳು, 1946ರಿಂದ ಮನುಷ್ಯರೇ ಕರಗಿ ಬರೀ ಬಣ್ಣದ ಮಚ್ಚೆಗಳು, 1949-50ರ ಹೊತ್ತಿಗೆ ನಾವು ನೋಡೋ ಪಟ್ಟಿಗಳು. ಅಂದ್ರೆ ಚಿತ್ರ ಬರೆಯೋಕೆ ಶುರು ಮಾಡಿ ಇಪ್ಪತ್ತೈದು ವರ್ಷ ಆದ್ಮೇಲೆ ಸಿಕ್ಕಿದ ದಾರಿ ಇದು. ಇದು ಗೊತ್ತಿದ್ರೆ "ಇದನ್ನ ನಮ್ಮನೆ ಮಗೂನೂ ಬರೆಯುತ್ತೆ" ಅನ್ನೋ ಮಾತು ಬಾಯಿಗೆ ಬರಲ್ಲ.

ಸರಿ, ಈಗ ಪೇಂಟಿಂಗ್ ಮುಂದೆ. ಫೋನ್ ಜೇಬಲ್ಲಿಡಿ. ದೂರದಿಂದ ಪೂರ್ತಿ ನೋಡ್ಬೇಕು ಅಂತ ಹಿಂದಕ್ಕೆ ಹೋಗ್ತೀವಲ್ಲ, ಅದನ್ನ ಮಾಡ್ಬೇಡಿ. ಹತ್ತಿರ ಬಂದು ನೋಡಿ ಅಂತಾನೇ ಅವರ ಆಸೆ, ಸುಮಾರು 18 ಇಂಚು ದೂರ ಸಾಕು ಅಂದಿದ್ರು ಅಂತಾರೆ, ಗಾರ್ಡ್ ಅಷ್ಟು ಹತ್ರ ಬಿಡದೇ ಇರಬಹುದು, ಅವರು ಬಿಡೋವಷ್ಟು ಹತ್ರ ಹೋಗಿ. ಕಣ್ಣಿನ ಎರಡೂ ಬದಿ ಬಣ್ಣಾನೇ ತುಂಬ್ಕೋಬೇಕು, ಗೋಡೆ ಕಾಣಬಾರದು. ದೊಡ್ಡದಾಗಿ ಬರೆದಿದ್ದೇ ಅದಕ್ಕೆ, ಜಂಬಕ್ಕಲ್ಲ, ನೋಡೋರು ಅದರ ಒಳಗೆ ಇರಲಿ ಅಂತ.

ನಡುವೆ ನೋಡ್ಬೇಡಿ, ಅಂಚು ನೋಡಿ. ಇದೊಂದನ್ನ ನೆನಪಿಟ್ಕೊಂಡ್ರೂ ಸಾಕು. ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗೋ ಜಾಗದಲ್ಲಿ ಗೆರೆ ಇಲ್ಲ, ಹತ್ತಿ ಹಿಂಜಿದ ಹಾಗೆ ಇರುತ್ತೆ, ಕೆಂಪಿನ ಕೆಳಗಿಂದ ಇನ್ನೊಂದು ಕೆಂಪು ಇಣುಕ್ತಿರುತ್ತೆ, ಕೆಲವು ಕಡೆ ತೆಳು ಬಣ್ಣ ಸೋರಿದ ಗುರುತು. ಒಂದು ಪಟ್ಟಿ ಹೊಳೀತಿದ್ರೆ ಪಕ್ಕದ್ದು ಸುಣ್ಣ ಹೊಡೆದ ಗೋಡೆ ಥರ ಮಂಕು. ಬಣ್ಣದ ಪುಡೀನ ಮೊಲದ ಚರ್ಮದ ಅಂಟಲ್ಲಿ ಕಲಸಿ ಕ್ಯಾನ್ವಾಸಿಗೆ ಹಚ್ಚೋರು, ಅದರ ಮೇಲೆ ಟರ್ಪೆಂಟೈನ್ ಹಾಕಿ ನೀರು ಮಾಡಿದ ಎಣ್ಣೆಬಣ್ಣ, ಪದರದ ಮೇಲೆ ಪದರ. ಕೆಲವು ಚಿತ್ರಗಳಲ್ಲಿ ಮೊಟ್ಟೆ ಬೆರೆಸಿರೋದೂ ಪರೀಕ್ಷೆ ಮಾಡ್ದಾಗ ಸಿಕ್ಕಿದೆ. ಬೆಳಕು ಒಳಗಿಂದ ಬರ್ತಿದೆ ಅನ್ಸೋದು ಇದಕ್ಕೇ, ಮೇಲಿನ ತೆಳು ಪದರ ದಾಟಿ ಹೋಗಿ ಕೆಳಗಿನದಕ್ಕೆ ತಾಗಿ ವಾಪಸ್ ಬರುತ್ತೆ.

ನಂಬಿಕೆ ಬರದಿದ್ರೆ ಮನೇಲಿ ಮಾಡಿ ನೋಡಿ. ದಪ್ಪ ಪೇಪರ್ ತಗೊಂಡು ಅಕ್ರಿಲಿಕ್ ಹಳದಿಗೆ ಚೆನ್ನಾಗಿ ನೀರು ಹಾಕಿ ಒಂದು ಕೋಟ್ ಹಚ್ಚಿ, ಪೂರ್ತಿ ಒಣಗಲಿ, ಅವಸರ ಮಾಡಿದ್ರೆ ಕೆಟ್ಟೋಗುತ್ತೆ. ಆಮೇಲೆ ನೀರು ನೀರಾಗಿರೋ ಕೆಂಪು, ಮತ್ತೆ ಒಣಗಿಸಿ, ಇನ್ನೊಂದು ಸಲ ಕೆಂಪು, ಅಂಚು ಹಸಿ ಇರುವಾಗಲೇ ಒದ್ದೆ ಬಟ್ಟೇಲಿ ಮೆಲ್ಲಗೆ ಒತ್ತಿ. ಪಕ್ಕದಲ್ಲಿ ಅದೇ ಹಳದಿ ಕೆಂಪನ್ನ ತಟ್ಟೇಲೇ ಕಲಸಿ ದಪ್ಪಗೆ ಒಂದೇ ಕೋಟ್ ಬಳೀರಿ. ಎರಡನ್ನೂ ಸಂಜೆ ಕಿಟಕಿ ಹತ್ರ ಹಿಡಿದು ನೋಡಿ, ಒಂದು ಬರೀ ಕಿತ್ತಳೆ ಬಣ್ಣ, ಇನ್ನೊಂದರಲ್ಲಿ ಕೆಂಡ ಇದ್ದ ಹಾಗಿರುತ್ತೆ.

ರೂಮಲ್ಲಿ ಲೈಟ್ ಕಮ್ಮಿ ಇದೆ ಅಂತ ಬೇಜಾರಾಗ್ಬೇಡಿ. ಮಂದ ಬೆಳಕೇ ಬೇಕು ಅಂತ ರಾಥ್ಕೋ ಅವರೇ ಹಠ ಹಿಡೀತಿದ್ರು. ಹಾರ್ವರ್ಡ್‌ಗೆ ಮಾಡ್ಕೊಟ್ಟ ಐದು ದೊಡ್ಡ ಚಿತ್ರಗಳನ್ನ ಬಿಸಿಲು ಬೀಳೋ ಊಟದ ಹಾಲಲ್ಲಿ ಹಾಕಿದ್ರು, ಅದರಲ್ಲಿದ್ದ ಲಿಥಾಲ್ ರೆಡ್ ಅನ್ನೋ ಕೆಂಪು ಬಿಸಿಲಿಗೆ ಹಾರೋಯ್ತು, 1979ರಲ್ಲಿ ತೆಗೆದು ಒಳಗಿಡಬೇಕಾಯ್ತು. 2014ರಲ್ಲಿ ಚಿತ್ರ ಮುಟ್ಟದೇ ಪ್ರೊಜೆಕ್ಟರ್ ಬೆಳಕು ಬಿಟ್ಟು ಹಳೇ ಬಣ್ಣ ತೋರಿಸಿದ್ರು.

ಟೈಮ್ ಎಷ್ಟು ಅಂದ್ರೆ, ಒಂದೇ ಚಿತ್ರಕ್ಕೆ ಹದಿನೈದು ನಿಮಿಷ. ಇಡೀ ಮ್ಯೂಸಿಯಂ ಮುಗಿಸ್ಬೇಕು ಅನ್ನೋ ಆಸೆ ಬಿಟ್ಬಿಡಿ. ವಾಷಿಂಗ್ಟನ್‌ನ ಫಿಲಿಪ್ಸ್ ಕಲೆಕ್ಷನ್ ಅನ್ನೋ ಮ್ಯೂಸಿಯಂನಲ್ಲಿ 1960ರಲ್ಲಿ ಮಾಡಿದ ಸಣ್ಣ ರಾಥ್ಕೋ ರೂಮ್ ಇದೆ, ಅಲ್ಲಿ ಕುರ್ಚಿ ತೆಗೆದು ಒಂದೇ ಒಂದು ಬೆಂಚ್ ಹಾಕಿ ಅಂತ ಹೇಳಿದ್ದೂ ಅವರೇ. ನಾನು ಕೂತಿದ್ದು ಅದೇ ರೂಮಲ್ಲಿ. ಮೊದಲ ಐದು ನಿಮಿಷ ಏನೂ ಆಗಲ್ಲ, ಮನೆ ಯೋಚನೆ, ಪಾರ್ಕಿಂಗ್ ಯೋಚನೆ ಎಲ್ಲಾ ಬರುತ್ತೆ, ಬರಲಿ. ಆಮೇಲೆ ಒಂದು ಬಣ್ಣ ಮುಂದಕ್ಕೆ ಬಂದು ಇನ್ನೊಂದು ಹಿಂದಕ್ಕೆ ಸರಿಯೋಕೆ ಶುರುವಾಗುತ್ತೆ, ಉಸಿರಾಡ್ದ ಹಾಗೆ. ನನಗೆ ಅವತ್ತು ಯಾಕೋ ನಮ್ಮಜ್ಜಿ ನೆನಪಾಗಿ ಕಣ್ಣು ತುಂಬಿತ್ತು. ನಿಮಗೆ ಹಾಗೆ ಆಗಲೇಬೇಕು ಅಂತೇನಿಲ್ಲ.

ಅವರು ಕೊನೇ ವರ್ಷಗಳಲ್ಲಿ ಬರೆದ ಕಪ್ಪು ಚಿತ್ರಗಳ ಬಗ್ಗೆ ಒಂದು ಮಾತು. 1970ರ ಫೆಬ್ರವರಿ 25ರಂದು ಅವರು ತಮ್ಮ ಸ್ಟುಡಿಯೋದಲ್ಲೇ ಜೀವ ತೆಗೆದುಕೊಂಡ್ರು, ಅವತ್ತೇ ಲಂಡನ್ನಿನ ಟೇಟ್ ಗ್ಯಾಲರಿಗೆ ಅವರ ಒಂಬತ್ತು ಕಡುಗೆಂಪು ಚಿತ್ರಗಳು ಬಂದು ತಲುಪಿದ್ವು. ಅವು ಮೊದಲು ನ್ಯೂಯಾರ್ಕಿನ ದುಬಾರಿ ಹೋಟೆಲ್ ಒಂದಕ್ಕೆ ಅಂತ ಬರೆದ ಸರಣಿಯವು, ಶ್ರೀಮಂತರ ಊಟಕ್ಕೆ ಅಲಂಕಾರ ಆಗೋದು ಬೇಡ ಅಂತ ದುಡ್ಡು ವಾಪಸ್ ಕೊಟ್ಬಿಟ್ಟಿದ್ರು. ಈ ಸಾವಿನ ಕತೆ ಕೇಳಿದ್ಮೇಲೆ ಎಲ್ಲಾ ಕಪ್ಪಲ್ಲೂ ಸಾವನ್ನೇ ಹುಡುಕ್ತಾರೆ, ದಯವಿಟ್ಟು ಹಾಗೆ ನೋಡ್ಬೇಡಿ. ಅವರ ಕೊನೇ ಕೆಲಸಗಳಲ್ಲಿ ಒಂದು ಉರಿಯೋ ಕೆಂಪು, ವಾಷಿಂಗ್ಟನ್ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಹ್ಯೂಸ್ಟನ್ ಕಡೆ ಇರೋರಿಗೆ ಅದೃಷ್ಟ. ಅಲ್ಲಿ 1971ರಲ್ಲಿ ತೆರೆದ ರಾಥ್ಕೋ ಚಾಪೆಲ್ ಅನ್ನೋ ಪ್ರಾರ್ಥನಾ ಮಂದಿರ ಇದೆ, ಯಾವ ಧರ್ಮದೋರು ಬೇಕಾದ್ರೂ ಬರಬಹುದು, ಟಿಕೆಟ್ ಇಲ್ಲ, ಎಂಟು ಮೂಲೆ ಕಟ್ಟಡದ ಒಳಗೆ ಸುತ್ತ 14 ಚಿತ್ರ, ಮೊದಲ ನೋಟಕ್ಕೆ ಎಲ್ಲಾ ಕಪ್ಪೇ. ಬೆಳಕು ಚಾವಣಿಯ ಗಾಜಿಂದ ಬರುತ್ತೆ, ಅದಕ್ಕೇ ಮೋಡ ಇರೋ ದಿನ ಹಗಲೊತ್ತಲ್ಲಿ ಹೋಗಿ, ಬೆಂಚ್ ಮೇಲೆ ಕೂತ್ಕೊಳ್ಳಿ. ಮೋಡ ಸರಿದಾಗ ಆ ಕಪ್ಪಿನ ಒಳಗಿಂದ ನೇರಳೆಹಣ್ಣಿನ ಬಣ್ಣ ಮೇಲಕ್ಕೆ ಬರುತ್ತೆ, ಇನ್ನೊಂದು ಮೋಡ ಬಂದ್ರೆ ಒಳಗೆ ಹೋಗುತ್ತೆ, ಅಲ್ಲಿವರೆಗೂ ಏಳಬೇಡಿ.