ಎಕ್ಸ್‌ಕವೇಟರ್‌ನ ಹೈಡ್ರಾಲಿಕ್ ಎಣ್ಣೆಗೆ ಕಸ, ನೀರು ಸೇರದಂತೆ ಕಾಯುವ ಬಗೆ

ಸಂಡೂರಿನ ಗಣಿಗಳಲ್ಲಿ ದುಡಿಯುವ ಎಕ್ಸ್‌ಕವೇಟರ್‌ನ ಮೈಮೇಲೆ ಬೆರಳಾಡಿಸಿದರೆ ಕೆಂಪು ಧೂಳಿನಲ್ಲಿ ಗೆರೆ ಮೂಡುತ್ತದೆ. ಆದರೆ ಎಣ್ಣೆಯನ್ನು ಒತ್ತಡದಿಂದ ತಳ್ಳಿ ಯಂತ್ರದ ತೋಳನ್ನು ಆಡಿಸುವ ಹೈಡ್ರಾಲಿಕ್ ಪಂಪನ್ನು ತಿಂದುಹಾಕುವುದು ಹೀಗೆ ಕಣ್ಣಿಗೆ ಬೀಳುವ ಧೂಳಲ್ಲ. ನಮ್ಮ ಕಣ್ಣು ಸುಮಾರು 40 ಮೈಕ್ರಾನ್‌ಗಿಂತ ಚಿಕ್ಕದಾದ ಕಣವನ್ನು ಬಿಡಿಯಾಗಿ ಗುರುತಿಸಲಾರದು; ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಪಿಸ್ಟನ್ ಪಂಪಿನಲ್ಲಿ, ಎಣ್ಣೆಯ ದಾರಿ ಬದಲಿಸುವ ಕಂಟ್ರೋಲ್ ವಾಲ್ವಿನೊಳಗೆ ಜಾರುವ ಸರಳುಗಳಾದ ಸ್ಪೂಲುಗಳಲ್ಲಿ ಇರುವ ಸಂದುಗಳಾದರೋ ಹಲವೆಡೆ ಕೆಲವೇ ಮೈಕ್ರಾನ್‌ಗಳಷ್ಟು. 20 ಟನ್ ವರ್ಗದ ಯಂತ್ರದಲ್ಲಿ ಒತ್ತಡ ಸುಮಾರು 350 ಬಾರ್‌ವರೆಗೆ ಏರುವುದರಿಂದ, ಆ ಸಂದಿಗೆ ನುಸುಳಿದ ಕಣ ಲೋಹವನ್ನು ಉಪ್ಪುಕಾಗದದಂತೆ ಉಜ್ಜುತ್ತದೆ, ಹೀಗೆ ಉದುರಿದ ಲೋಹದ ಪುಡಿ ಮತ್ತೆ ಎಣ್ಣೆಗೆ ಸೇರಿ ಮುಂದಿನ ಭಾಗವನ್ನು ಸವೆಸುತ್ತದೆ.

ಈ ಕಸ ಎಲ್ಲಿಂದ ಬಂತು ಎಂದು ಕೇಳಿದರೆ ಹೆಚ್ಚಿನವರು ಗಣಿಯ ಧೂಳಿನತ್ತ ಕೈ ತೋರಿಸುತ್ತಾರೆ. ಸವೆದ ಡಸ್ಟ್ ಸೀಲಿನ ಮೂಲಕ ಸಿಲಿಂಡರ್ ರಾಡಿಗಂಟಿ ಒಳಹೋಗುವ ಧೂಳೂ, ಟ್ಯಾಂಕು ಗಾಳಿಯಾಡಲು ಇರುವ ಸೋಸುಕ, ಅಂದರೆ ಬ್ರೀದರ್, ಕೆಟ್ಟಾಗ ಗಾಳಿಯೊಡನೆ ಹೋಗುವ ಧೂಳೂ ಇರುವುದು ನಿಜ. ಆದರೂ ನಾನು ಕಂಡ ಯಂತ್ರಗಳಲ್ಲಿ ಕಸದ ದೊಡ್ಡ ಪಾಲು ಎಣ್ಣೆ ತುಂಬುವಾಗ ಮತ್ತು ಹೋಸ್ ಬಿಚ್ಚುವಾಗ ನಮ್ಮ ಕೈಯಿಂದಲೇ ಒಳಹೋಗಿದೆ. ಆದ್ದರಿಂದ ಎಚ್ಚರಿಕೆ ಅಲ್ಲಿಂದಲೇ ಆರಂಭವಾಗಬೇಕು.

ಎಣ್ಣೆಯ ಬ್ಯಾರಲನ್ನು ಬಯಲಿನಲ್ಲಿ ನೆಟ್ಟಗೆ ನಿಲ್ಲಿಸುವುದು ಮೊದಲ ತಪ್ಪು. ಮಳೆನೀರು ಅದರ ತಲೆಯ ಅಂಚಿನೊಳಗೆ ನಿಲ್ಲುತ್ತದೆ; ಹಗಲಿನ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸಂದಿನಿಂದ ಹೊರಬೀಳುತ್ತದೆ, ರಾತ್ರಿ ತಣ್ಣಗಾದಾಗ ಅದೇ ಸಂದಿನಿಂದ ನಿಂತ ನೀರು ಒಳಕ್ಕೆ ಎಳೆಯಲ್ಪಡುತ್ತದೆ. ಸೀಲು ಒಡೆಯದ ಬ್ಯಾರಲಿನಲ್ಲೂ ನೀರು ಸಿಗುವುದಕ್ಕೆ ಇದೇ ಕಾರಣ. ಬ್ಯಾರಲನ್ನು ಸೂರಿನಡಿ ಅಡ್ಡ ಮಲಗಿಸಿ, ಎರಡು ಬಿರಡೆಗಳೂ ಗಡಿಯಾರದ ಮೂರು ಮತ್ತು ಒಂಬತ್ತರ ನೇರಕ್ಕೆ ಬರುವಂತೆ ಇಟ್ಟರೆ, ಅವುಗಳ ಒಳಬದಿ ಎಣ್ಣೆಯಲ್ಲಿ ಮುಳುಗಿರುವುದರಿಂದ ಗಾಳಿಯಾಗಲಿ ನೀರಾಗಲಿ ಒಳಗೆ ಬಾರದು.

ಹೊಸ ಎಣ್ಣೆಯೆಂದರೆ ಶುದ್ಧ ಎಣ್ಣೆ ಎಂಬ ನಂಬಿಕೆಯನ್ನೂ ಬಿಡಬೇಕು. ಐಎಸ್ಒ 4406 ಎಂಬ ಮಾನದಂಡವು ಒಂದು ಮಿಲಿಲೀಟರ್ ಎಣ್ಣೆಯಲ್ಲಿ 4, 6 ಮತ್ತು 14 ಮೈಕ್ರಾನ್‌ಗಿಂತ ದೊಡ್ಡ ಕಣಗಳು ಎಷ್ಟಿವೆ ಎಂಬುದನ್ನು ಮೂರು ಸಂಖ್ಯೆಗಳಲ್ಲಿ ಹೇಳುತ್ತದೆ. ಸಂಖ್ಯೆ ಒಂದು ಏರಿತೆಂದರೆ ಕಣಗಳು ಇಮ್ಮಡಿಯಾದವು ಎಂದರ್ಥ. ಪಿಸ್ಟನ್ ಪಂಪಿರುವ ಯಂತ್ರಕ್ಕೆ 18/16/13ರ ಆಸುಪಾಸಿನ ಶುಚಿತ್ವ ಬೇಕು, ಅಂದರೆ ಮೊದಲ ಗುಂಪಿನ ಕಣಗಳು 2,500 ದಾಟಬಾರದು. ಬ್ಯಾರಲಿನಿಂದ ನೇರವಾಗಿ ತೆಗೆದ ಎಣ್ಣೆಯಲ್ಲಿ ಮೊದಲ ಸಂಖ್ಯೆ ಎಷ್ಟೋ ಸಲ 21 ಇರುತ್ತದೆ, ಎಂಟು ಪಟ್ಟು ಹೆಚ್ಚು. ಹೀಗಾಗಿ ತೆರೆದ ಬಕೆಟ್ಟು, ಆಲಿಕೆಗಳನ್ನು ಕೈಬಿಟ್ಟು, 10 ಮೈಕ್ರಾನ್ ಅಥವಾ ಅದಕ್ಕಿಂತ ಸೂಕ್ಷ್ಮವಾದ ಫಿಲ್ಟರ್ ಅಳವಡಿಸಿದ ಪಂಪಿನಿಂದ ಮಾತ್ರ ಟ್ಯಾಂಕಿಗೆ ಎಣ್ಣೆ ತುಂಬಬೇಕು. ಮುಚ್ಚಳ ತೆಗೆಯುವ ಮೊದಲು ಅದರ ಸುತ್ತಲಿನ ಧೂಳನ್ನು ಒರೆಸಬೇಕು, ಅದೂ ನೂಲು ಬಿಡದ ಬಟ್ಟೆಯಿಂದ. ನಮ್ಮ ವರ್ಕ್‌ಶಾಪುಗಳಲ್ಲಿ ಎಲ್ಲದಕ್ಕೂ ಬಳಸುವ ಕಾಟನ್ ವೇಸ್ಟಿನ ಎಳೆಗಳು ಟ್ಯಾಂಕಿನೊಳಗಿನ ಜಾಲರಿಯಾದ ಸ್ಟ್ರೈನರಿನಲ್ಲಿ ಸಿಕ್ಕಿಕೊಂಡಿರುವುದನ್ನು ನಾನೇ ಚಿಮುಟದಿಂದ ಬಿಡಿಸಿ ತೆಗೆದಿದ್ದೇನೆ.

ಹೋಸ್ ಬಿಚ್ಚುವ ಮುನ್ನ ಯಂತ್ರದ ಅಗೆಯುವ ಬಕೆಟನ್ನು ನೆಲಕ್ಕೂರಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ಆನ್ ಸ್ಥಾನದಲ್ಲಿಟ್ಟು ಲಿವರುಗಳನ್ನು ಎಲ್ಲ ದಿಕ್ಕಿಗೂ ಆಡಿಸಿ, ಬಳಿಕ ಟ್ಯಾಂಕಿನ ಒತ್ತಡವನ್ನು ಬಿಡಬೇಕು. ಸೋರಿಕೆ ಹುಡುಕಲು ಎಂದಿಗೂ ಕೈ ಒಡ್ಡಬೇಡಿ, ರಟ್ಟಿನ ತುಂಡು ಹಿಡಿಯಿರಿ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೋಗಬಲ್ಲದು, ಹಾಗಾದರೆ ನೋವಿಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಿಚ್ಚಿದ ಎರಡೂ ತುದಿಗಳಿಗೆ ಕೂಡಲೇ ಕ್ಯಾಪ್ ಹಾಕಬೇಕು. ಹೊಸ ಹೋಸ್ ಕತ್ತರಿಸುವಾಗ ಉಕ್ಕಿನ ತಂತಿ ಮತ್ತು ರಬ್ಬರಿನ ಪುಡಿ ಒಳಗೇ ಉಳಿಯುತ್ತದೆ. ಗಾಳಿ ಊದಿದರೆ ಅದು ಪೂರ್ತಿ ಹೋಗುವುದಿಲ್ಲ, ಅದಕ್ಕೆಂದೇ ಸಿಗುವ ಸ್ಪಂಜಿನ ಗುಂಡನ್ನು ಗಾಳಿಯ ಒತ್ತಡದಿಂದ ಹಾಯಿಸಬೇಕು. ಮೊದಲ ಗುಂಡು ಹೊರಬಂದಾಗ ಎಷ್ಟು ಕಪ್ಪಾಗಿರುತ್ತದೆಂಬುದನ್ನು ಒಮ್ಮೆ ನೋಡಿದವರು ಈ ಕೆಲಸವನ್ನು ತಪ್ಪಿಸುವುದಿಲ್ಲ.

ಫಿಲ್ಟರುಗಳನ್ನು ಮ್ಯಾನುವಲ್ ಹೇಳಿದ ಗಂಟೆಗೆ ಬದಲಿಸಿ. ಬ್ರೇಕರ್ ಹಾಕಿ ಬಂಡೆ ಒಡೆಯುವ ಯಂತ್ರಕ್ಕೆ ಆ ಅವಧಿ ಬಹಳ ಕಡಿಮೆ. ಕಟ್ಟಿಕೊಂಡ ಫಿಲ್ಟರಿನ ಬೈಪಾಸ್ ವಾಲ್ವ್ ತೆರೆದುಕೊಂಡು ಎಣ್ಣೆ ಸೋಸದೆಯೇ ಹರಿಯುತ್ತದೆ.

ಎಣ್ಣೆಯ ಸ್ಥಿತಿ ತಿಳಿಯಲು, ಯಂತ್ರ ಬಿಸಿಯಾಗಿ ಓಡಿದ ಮೇಲೆ ಶುಭ್ರವಾದ ಗಾಜಿನ ಬಾಟಲಿಯಲ್ಲಿ ಸ್ವಲ್ಪ ತೆಗೆದು ಅರ್ಧ ಗಂಟೆ ಇಡಿ. ಹಾಲಿನಂತಿದ್ದ ಎಣ್ಣೆ ತಿಳಿಯಾದರೆ ಅದು ಗಾಳಿಯ ಗುಳ್ಳೆ, ಟ್ಯಾಂಕಿನಿಂದ ಪಂಪಿಗೆ ಎಣ್ಣೆ ಎಳೆಯುವ ಸಕ್ಷನ್ ಹೋಸಿನ ಕ್ಲಾಂಪ್ ನೋಡಬೇಕು. ಹಾಗೆಯೇ ಉಳಿದರೆ ನೀರು. ಸಂದೇಹವಿದ್ದಲ್ಲಿ ಕನ್ನಡಕ ಧರಿಸಿ, ಕಾದ ಲೋಹದ ತಟ್ಟೆಯ ಮೇಲೆ ಒಂದೇ ಹನಿ ಬಿಡಿ: ಸಾವಿರದಲ್ಲೊಂದು ಪಾಲು ನೀರಿದ್ದರೂ ಒಗ್ಗರಣೆಯ ಸಾಸಿವೆಯಂತೆ ಚಟಪಟ ಎನ್ನುತ್ತದೆ. ತೆಗೆದ ಫಿಲ್ಟರನ್ನು ಎಸೆಯುವ ಮೊದಲು ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ನೋಡಿ. ಹಳದಿ ಹೊಳಪಿನ ಚೂರು ಪಂಪ್ ಅಥವಾ ಮೋಟಾರಿನ ಕಂಚಿನ ಭಾಗದ್ದು, ಕಪ್ಪು ಮೆತ್ತನೆಯ ಚೂರು ಸೀಲಿನದು. ಆಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುವುದು ಉಕ್ಕು. ನಮ್ಮ ಕೆಂಪು ಹೆಮಟೈಟ್ ಧೂಳು ಕಬ್ಬಿಣದ್ದೇ ಅದಿರಾದರೂ ಹಾಗೆ ಅಂಟುವುದಿಲ್ಲ, ಆದ್ದರಿಂದ ಹೊರಗಿನ ಧೂಳು ಯಾವುದು, ಒಳಗಿನ ಸವಕಳಿ ಯಾವುದು ಎಂಬುದನ್ನು ಬೇರ್ಪಡಿಸಲು ಚಿಕ್ಕದೊಂದು ಆಯಸ್ಕಾಂತ ಬಹಳ ನೆರವಾಗುತ್ತದೆ.

ಪಂಪ್ ಒಡೆದಿದ್ದರೆ ಹೊಸ ಪಂಪ್ ಕೂರಿಸಿ ಎಂಜಿನ್ ಚಾಲೂ ಮಾಡುವ ಅವಸರ ಬೇಡ. ಲಕ್ಷಗಟ್ಟಲೆ ಹಣ ಕೊಟ್ಟು ತಂದ ಪಂಪ್, ಹಳೆಯದರ ಚೂರುಗಳನ್ನೇ ನುಂಗಿ ಕೆಲವೇ ದಿನಗಳಲ್ಲಿ ಹೋದದ್ದನ್ನು ಕಂಡು ನನಗೆ ಬಹಳ ಸಂಕಟವಾಗಿದೆ. ಟ್ಯಾಂಕನ್ನು ಪೂರ್ತಿ ಖಾಲಿಮಾಡಿ ಒಳಗೆ ಒರೆಸಬೇಕು, ಸಿಲಿಂಡರುಗಳ ಮತ್ತು ಹೋಸುಗಳ ಎಣ್ಣೆಯನ್ನೂ ಬಸಿಯಬೇಕು, ಕಂಟ್ರೋಲ್ ವಾಲ್ವನ್ನು ಬಿಚ್ಚಿ ತೊಳೆಯಬೇಕು. ಆಯಿಲ್ ಕೂಲರಿನ ಸಣ್ಣ ಕೊಳವೆಗಳಲ್ಲಿ ಸಿಕ್ಕ ಚೂರು ಸುಲಭಕ್ಕೆ ಬಿಡದು. ಶಕ್ತಿಯಿದ್ದರೆ ಅದನ್ನು ಬದಲಿಸುವುದೇ ಲೇಸು. ಡೀಸೆಲ್ ಹಾಕಿ ತೊಳೆದರೆ ಉಳಿದ ಡೀಸೆಲ್ ಹೊಸ ಎಣ್ಣೆಯನ್ನು ತೆಳುಮಾಡುತ್ತದೆ, ಅದೇ ದರ್ಜೆಯ ಎಣ್ಣೆಯಿಂದಲೇ ತೊಳೆಯಬೇಕು. ಚಾಲೂ ಮಾಡುವ ಮೊದಲು ಪಂಪಿನ ಕೇಸಿಗೆ ಸೋಸಿದ ಎಣ್ಣೆ ತುಂಬಿ, ಕಡಿಮೆ ವೇಗದಲ್ಲಿ, ಭಾರವಿಲ್ಲದೆ ಓಡಿಸಿ, 50 ಗಂಟೆಗೆ ರಿಟರ್ನ್ (ಟ್ಯಾಂಕಿಗೆ ಮರಳುವ ಎಣ್ಣೆಯ) ಮತ್ತು ಪೈಲಟ್ (ಲಿವರುಗಳ ನಿಯಂತ್ರಣದ ಎಣ್ಣೆಯ) ಫಿಲ್ಟರುಗಳನ್ನು ತೆಗೆದು ಕತ್ತರಿಸಿ ನೋಡಿ. ಮಡಿಕೆಗಳಲ್ಲಿ ಇನ್ನೂ ಲೋಹ ಮಿನುಗುತ್ತಿದ್ದರೆ ಹೊಸ ಫಿಲ್ಟರ್ ಹಾಕಿ ಮತ್ತೆ 50 ಗಂಟೆಗೆ ತೆರೆಯಿರಿ.