ಸೈಟ್ ರಿಪೇರಿಗೆ ಸರ್ವರ್ ಲಾಗಿನ್ ಕೇಳಿದರೆ ಹೇಗೆ ಕೊಡುವುದು?

ಗೂಗಲ್‌ನಲ್ಲಿ ನಿಮ್ಮ ಅಂಗಡಿಯ ಹೆಸರು ಹುಡುಕಿದರೆ ಜಪಾನಿ ಅಕ್ಷರಗಳ ಪುಟಗಳು ಬರುತ್ತವೆ. ಸೈಟ್ ತೆರೆದರೆ ಎಲ್ಲಾ ಸರಿಯಾಗೇ ಇದೆ. ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ಸೈಟ್‌ಗಳಿಗೆ ಆಗಾಗ ಅಂಟುವ ಹ್ಯಾಕರ್‌ಗಳ ಕಾಟ ಇದು. ರಿಪೇರಿಯವರಿಗೆ ಫೋನ್ ಮಾಡಿದರೆ ಮೊದಲ ಮಾತೇ 'ಸರ್ವರ್ ಲಾಗಿನ್ ಕೊಡಿ'. ಅಂದರೆ ಸೈಟ್‌ನ ಫೈಲುಗಳಿರುವ ಕಂಪ್ಯೂಟರ್‌ನ ಲಾಗಿನ್. ಎದೆ ಧಸಕ್ ಅನ್ನುತ್ತದೆ, ಅಲ್ವಾ?

ಅವರು ಕೇಳುವುದು ತಪ್ಪಲ್ಲ. ನೀವು ದಿನಾ ತೆರೆಯುವ ವರ್ಡ್‌ಪ್ರೆಸ್ ಡ್ಯಾಶ್‌ಬೋರ್ಡ್‌ನಲ್ಲಿ ಕಾಣುವುದು ಪೋಸ್ಟ್, ಪುಟ, ಪ್ಲಗಿನ್‌ಗಳಷ್ಟೇ. ಕಳ್ಳ ಫೈಲುಗಳು ಅದರ ಹಿಂದೆ ಕೂತಿರುತ್ತವೆ. ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ ಇರಬೇಕಾದದ್ದು ಫೋಟೊ, ಪಿಡಿಎಫ್. ಅವುಗಳ ನಡುವೆ ಪಿಎಚ್‌ಪಿ ಫೈಲ್, ಅಂದರೆ ಸರ್ವರ್‌ನಲ್ಲಿ ಓಡುವ ಪ್ರೋಗ್ರಾಂ, ಕಂಡರೆ ತೆರೆದು ನೋಡಲೇಬೇಕು. ಅದಕ್ಕೆ ಸರ್ವರ್ ಒಳಗೇ ಹೋಗಬೇಕು. ಆದರೆ ನಿಮ್ಮ ಪಾಸ್‌ವರ್ಡ್ ಮಾತ್ರ ಕೊಡಬೇಡಿ. ಅವರಿಗೆಂದೇ ಹೊಸ ಲಾಗಿನ್ ಮಾಡಿಕೊಡಿ.

ಮೊದಲು ಬ್ಯಾಕಪ್. ಫೈಲುಗಳು, ಡೇಟಾಬೇಸ್ ಎರಡನ್ನೂ ನಿಮ್ಮ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಸೋಂಕು ತಗುಲಿದ ಪ್ರತಿಯಾದರೂ ಪರವಾಗಿಲ್ಲ, ರಿಪೇರಿಯಲ್ಲಿ ಏನಾದರೂ ಅಳಿಸಿಹೋದರೆ ಅದೇ ಗತಿ.

ಆಮೇಲೆ ನಿಮ್ಮ ಹೋಸ್ಟಿಂಗ್‌ನ ನಿಯಂತ್ರಣ ಪುಟವಾದ ಸಿಪ್ಯಾನೆಲ್‌ಗೆ ಹೋಗಿ 'ಎಫ್‌ಟಿಪಿ ಅಕೌಂಟ್ಸ್' ತೆರೆಯಿರಿ. ಎಫ್‌ಟಿಪಿ ಅಂದರೆ ಸರ್ವರ್‌ನ ಫೈಲುಗಳನ್ನು ದೂರದಿಂದಲೇ ಏರಿಸಿ ಇಳಿಸುವ ದಾರಿ. ಹೊಸ ಹೆಸರು, ಉದ್ದನೆಯ ಪಾಸ್‌ವರ್ಡ್ ಹಾಕಿ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಡೈರೆಕ್ಟರಿ ಅನ್ನುವ ಜಾಗದಲ್ಲಿ ಆ ಹೊಸ ಹೆಸರೂ ತಾನಾಗಿಯೇ ಸೇರಿಕೊಳ್ಳುತ್ತದೆ. ಹಾಗೇ ಬಿಟ್ಟರೆ ರಿಪೇರಿಯವರಿಗೆ ಖಾಲಿ ಫೋಲ್ಡರ್ ಸಿಗುತ್ತದೆ. ಆ ಹೆಸರನ್ನು ಅಳಿಸಿ, ನಿಮ್ಮ ಸೈಟ್ ಇರುವ ಫೋಲ್ಡರ್ ಹೆಸರಷ್ಟೇ ಇಡಿ. ಒಂದೇ ಹೋಸ್ಟಿಂಗ್‌ನಲ್ಲಿ ಬೇರೆ ಸೈಟ್‌ಗಳಿದ್ದರೆ ಅವರ ಕೈ ಅಲ್ಲಿಗೆ ನೇರವಾಗಿ ಹೋಗುವುದಿಲ್ಲ. ಬರೀ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟ ಹಾಗೇ ಹೋಗುತ್ತದೆ. ಹಾಗಾಗಿ ಅದನ್ನು ಗುಪ್ತವಾಗಿ ಸಾಗಿಸುವ ಟಿಎಲ್‌ಎಸ್ ಮೂಲಕವೇ ಲಾಗಿನ್ ಆಗಲು ಹೇಳಿ.

ವರ್ಡ್‌ಪ್ರೆಸ್‌ನಲ್ಲೂ ಅವರಿಗೆ ಬೇರೆ ಅಡ್ಮಿನ್ ಖಾತೆ ತೆರೆಯಿರಿ. ಡೊಮೇನ್ ಕೊಂಡ ಖಾತೆ, ನಿಮ್ಮ ಇಮೇಲ್ ಪಾಸ್‌ವರ್ಡ್, ಒಟಿಪಿ ಈ ಕೆಲಸಕ್ಕೆ ಬೇಕಿಲ್ಲ. ಕೇಳಿದರೆ ಬೇರೆಯವರನ್ನು ಹುಡುಕಿ.

ಲಾಗಿನ್ ಹೆಸರು ಇಮೇಲ್‌ನಲ್ಲಿ ಕಳಿಸಿ, ಪಾಸ್‌ವರ್ಡ್ ಫೋನ್‌ನಲ್ಲಿ ಹೇಳಿ. ಎರಡೂ ಒಂದೇ ಮೆಸೇಜ್‌ನಲ್ಲಿ ಬೇಡ.

ಕೆಲಸ ಮುಗಿಯಿತು ಅಂದ ದಿನವೇ ಆ ಎರಡೂ ಖಾತೆಗಳನ್ನು ಅಳಿಸಿ. ಹೋಸ್ಟಿಂಗ್ ಪಾಸ್‌ವರ್ಡ್ ಬದಲಿಸಿ. ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿದರೆ ವರ್ಡ್‌ಪ್ರೆಸ್‌ನ ಮುಖ್ಯ ಸೆಟ್ಟಿಂಗ್ ಇರುವ ಡಬ್ಲ್ಯುಪಿ-ಕಾನ್ಫಿಗ್ ಫೈಲ್‌ನಲ್ಲೂ ಕೂಡಲೇ ಬದಲಿಸಬೇಕು, ಇಲ್ಲದಿದ್ದರೆ ಸೈಟ್ ನಿಂತುಹೋಗುತ್ತದೆ. ಅದೇ ಫೈಲ್‌ನಲ್ಲಿರುವ ಸಾಲ್ಟ್ ಸಾಲುಗಳನ್ನೂ (ಲಾಗಿನ್ ಕಾಯುವ ಗುಪ್ತ ಅಕ್ಷರಗಳು) ಹೊಸದು ಮಾಡಿ. ಆಗ ಲಾಗಿನ್ ಆಗಿದ್ದ ಎಲ್ಲರೂ ಹೊರಬೀಳುತ್ತಾರೆ, ಹ್ಯಾಕರ್ ಕೂಡ. ಬಳಕೆದಾರರ ಪಟ್ಟಿಯಲ್ಲಿ ಗುರುತಿಲ್ಲದ ಅಡ್ಮಿನ್ ಇದ್ದರೆ ತೆಗೆದುಹಾಕಿ.

ಕೊನೆಗೆ ಗೂಗಲ್ ಸರ್ಚ್ ಕನ್ಸೋಲ್, ಅಂದರೆ ಹುಡುಕಾಟದಲ್ಲಿ ನಿಮ್ಮ ಸೈಟ್ ಹೇಗಿದೆ ಎಂದು ಗೂಗಲ್ ಮಾಲೀಕರಿಗೆ ತೋರಿಸುವ ಜಾಗ. ಈ ಜಪಾನಿ ಹ್ಯಾಕ್‌ನಲ್ಲಿ ಹ್ಯಾಕರ್ ಅಲ್ಲೂ ತನ್ನನ್ನು ಸೈಟ್‌ನ ಮಾಲೀಕನಾಗಿ ಸೇರಿಸಿಕೊಳ್ಳುವುದುಂಟು. ಸೆಟ್ಟಿಂಗ್ಸ್‌ನಲ್ಲಿ ಮಾಲೀಕರ ಹೆಸರುಗಳನ್ನು ನೋಡಿ, ಅಪರಿಚಿತರನ್ನು ತೆಗೆಯಿರಿ. ಅಲ್ಲಿ ಭದ್ರತೆಯ ಎಚ್ಚರಿಕೆ ಇದ್ದರೆ ಮರುಪರಿಶೀಲನೆಗೆ ಅರ್ಜಿ ಹಾಕಿ. ಉತ್ತರ ಬರಲು ಕೆಲವು ದಿನ ಬೇಕು, ವಾರಗಳೂ ಆಗಬಹುದು.